ಇಪ್ಪತ್ತಾರನೆಯ ಗುರುತು

ಫ್ಯಾನು ನಿಂತಿತು, ಅಲ್ಲ, ಫ್ಯಾನಲ್ಲ, ಫ್ಯಾನಿನ ಸದ್ದಿನ ಅಡಿಯಲ್ಲಿ ಸದಾ ಇರುತ್ತಿದ್ದ ಆ ಇನ್ನೊಂದು ಸದ್ದು, ಸರ್ವರಿನ ಗುಂಯ್ ಎನ್ನುವ ಮೊರೆತ, ನಿಂತ ಮೇಲೆಯೇ ಅದು ಇಷ್ಟು ಹೊತ್ತು ಇತ್ತೆಂದು ಕಿವಿಗೆ ಗೊತ್ತಾಗುವುದು — ಹೊರಗಿನ ಕೋಣೆಯಲ್ಲಿ ಯಾರೋ ವತನಿಯಾ ಬಂತು ಎಂದರು, ಇನ್ನಿಬ್ಬರು, ಪ್ರವಾದಿಯ ಮೇಲೂ ಅವರ ಮನೆಯವರ ಮೇಲೂ ಶಾಂತಿ ಕೋರಿದರು, ಸರ್ಕಾರದ ಕರೆಂಟು ಬಂದರೆ ನಜಫಿನಲ್ಲಿ ದಿಬ್ಬಣ ಬಂದ ಹಾಗೆ, ಎಲ್ಲರ ಮುಖವೂ ಅರಳುತ್ತದೆ, ಓಣಿಯ ಜನರೇಟರಿನಿಂದ ಸರ್ಕಾರದ ತಂತಿಗೆ ಸ್ವಿಚ್ಚು ಹೊರಳುವಾಗ ಕಣ್ಣು ಮಿಟುಕಿಸುವಷ್ಟು ಹೊತ್ತು ಎಲ್ಲವೂ ಆರುತ್ತದೆ, ಆ ಮಿಟುಕನ್ನು ಯಾರೂ ಗಣನೆಗೆ ತೆಗೆದುಕೊಳ್ಳುವುದಿಲ್ಲ, ಮೂವತ್ತು ವರ್ಷದಿಂದ ಮಿಟುಕುತ್ತಲೇ ಇದೆ, ಮಾತಾಡುತ್ತಿದ್ದವರು ಅಲ್ಲೇ ನಿಲ್ಲಿಸಿ ಅಲ್ಲಿಂದಲೇ ಮುಂದುವರಿಸುತ್ತಾರೆ — ಆ ಒಂದು ಮಿಟುಕಿಗೆಂದೇ ಸರ್ವರಿನ ಕೆಳಗೆ ಯುಪಿಎಸ್ ಡಬ್ಬ ಇರಬೇಕಿತ್ತು, ಸರ್ವರು ನೋಡಿಕೊಳ್ಳುವ ಶಾಕಿರ್ ಬಗ್ಗಿ ನೋಡಿದ, ನೋಡುವ ಅಗತ್ಯವೇನೂ ಇರಲಿಲ್ಲ, ಧೂಳಿನ ನಡುವೆ ಡಬ್ಬದಷ್ಟೇ ಅಗಲದ ಚೊಕ್ಕ ನೆಲ, ಮೊನ್ನೆ ತನ್ನ ಕೈಯಾರೆ ಎತ್ತಿ ಕೊಟ್ಟದ್ದು, ಮರೆತಿರಲಿಲ್ಲ, ಮರೆತಿದ್ದರೆ ಮರೆವಿನ ಮೇಲೆ ಹಾಕಬಹುದಿತ್ತು. ಅಬು ಗಾಯಬ್, ವತನಿಯಾ ಬಂತಲ್ಲ, ಒಳಗಿನ ಏಸಿ ಹಾಕು, ಎಂದು ಹಾತಿಫ್ ಕೂಗುತ್ತಿದ್ದಾನೆ, ಗೋರಿಗಳ ಲೆಕ್ಕ ಇಡುವ ಈ ಕಚೇರಿಯ ಗುಮಾಸ್ತ, ನಾಲ್ಕು ಮಕ್ಕಳ ಅಪ್ಪ, ನಗುವುದಕ್ಕೆ ಅವನಿಗೆ ಕಾರಣ ಬೇಕಿಲ್ಲ. ಅಬು ಗಾಯಬ್ ಎಂದರೆ ಇಲ್ಲದವನ ಅಪ್ಪ. ಮಕ್ಕಳಿಲ್ಲದ ಗಂಡಸನ್ನು ಬರಿಯ ಹೆಸರು ಹಿಡಿದು ಕರೆದರೆ ಮರ್ಯಾದೆಯಲ್ಲವೆಂದು ಈ ಊರು ಅವನಿಗೂ ಒಬ್ಬ ಮಗನನ್ನು ಕೊಡುತ್ತದೆ, ಎಲ್ಲೋ ಇದ್ದಾನೆ, ಬಂದಿಲ್ಲ ಅಷ್ಟೆ, ಎನ್ನುವ ಹಾಗೆ. ದಿನಕ್ಕೆ ನಲವತ್ತು ಸಲ ಕೇಳಿಸಿಕೊಂಡರೂ ಶಾಕಿರನಿಗೆ ಅದು ರೂಢಿಯಾಗಿಲ್ಲ.

ಸರ್ವರು ಮತ್ತೆ ಏಳುತ್ತಿದೆ, ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು, ಡಿಸ್ಕುಗಳ ಕಾರ್ಡಿನ ಹಳದಿ ದೀಪ, ಬರೆಯದೆ ಉಳಿದದ್ದು ಕಳೆದುಹೋಗಿರಬಹುದು ಎಂಬ ಸಾಲು, ಕಳೆದುಹೋಗಿರಬಹುದು ಎನ್ನುತ್ತದೆ, ಕಳೆದಿದೆ ಎನ್ನುವುದಿಲ್ಲ, ಎಷ್ಟು ನಯ — ಐದು ನಿಮಿಷದ ಹಿಂದೆ, ಐದೂ ಇಲ್ಲ, ಹಾತಿಫ್ ಬಿಸಿಲಿನಿಂದ ಒಳಗೆ ಬಂದು ಟ್ಯಾಬ್ಲೆಟ್ಟನ್ನು ವೈಫೈಗೆ ಹಚ್ಚಿ, ತಗೋ, ಮೂವತ್ತೊಂದು ಗೋರಿ, ಹಾಜಿ ದಖೀಲ್ ಮುದುಕ ಒಂದೂ ಬಿಡಲಿಲ್ಲ, ಎಂದಿದ್ದ, ಹಸಿರು ಅಕ್ಷರದಲ್ಲಿ ಬರೆದಾಗಿದೆ ಎಂದು ಬಂದಿತ್ತು, ಶಾಕಿರನೂ ಇಣುಕಿ ನೋಡಿದ್ದ, ಬರೆದಾಗಿದೆ, ಮತ್ತು ಬರೆದಾಗಿದೆ ಎಂದು ಸರ್ವರು ಹೇಳಿದ ಕೂಡಲೇ ಟ್ಯಾಬ್ಲೆಟ್ಟು ತನ್ನ ಪ್ರತಿಯನ್ನು ಅಳಿಸಿಬಿಡುತ್ತದೆ, ಹಾಗೆ ಮಾಡಿದವನೂ ತಾನೇ, ಒಂದೇ ಗೋರಿ ಎರಡೆರಡು ಸಲ ದಾಖಲಾಗಬಾರದೆಂದು. ಸರ್ವರು ಯಾಕೆ ಹಾಗೆ ಹೇಳಿತು, ಡಿಸ್ಕಿಗೆ ಬರೆಯುವುದು ನಿಧಾನದ ಕೆಲಸ, ಅದಕ್ಕೆ ಕಾರ್ಡಿನ ಮೇಲೆ ಒಂದಿಷ್ಟು ಮೆಮೊರಿ, ಕ್ಯಾಶೆ, ಬಂದದ್ದನ್ನೆಲ್ಲ ಅದು ಅಂಗೈಯಲ್ಲಿ ಹಿಡಿದುಕೊಂಡು ಆಯಿತು, ಬರೆದೆ, ಎಂದು ಒಪ್ಪಿಸಿಬಿಡುತ್ತದೆ, ಆಮೇಲೆ ತನ್ನ ಪುರುಸೊತ್ತಿನಲ್ಲಿ ಡಿಸ್ಕಿಗೆ ಇಳಿಸುತ್ತದೆ, ನಡುವೆ ಕರೆಂಟು ಹೋದರೆ ಅಂಗೈ ಬಿಚ್ಚಿಕೊಳ್ಳದಂತೆ ಕಾರ್ಡಿಗೆ ಪುಟ್ಟ ಬ್ಯಾಟರಿ — ಆ ಬ್ಯಾಟರಿ ರಂಜಾನಿನಲ್ಲೇ ಸೆಕೆಗೆ ಉಬ್ಬಿ ಸತ್ತಿತ್ತು. ಸತ್ತ ದಿನ ಕಾರ್ಡು ತಾನಾಗಿಯೇ ಎಚ್ಚರ ವಹಿಸಿತು, ಇನ್ನು ಮೇಲೆ ಡಿಸ್ಕಿಗೆ ಇಳಿದ ಮೇಲೆಯೇ ಬರೆದೆ ಎನ್ನುತ್ತೇನೆ ಎಂದಿತು, ಪ್ರಾಮಾಣಿಕ ಕಾರ್ಡು, ಆದರೆ ನಿಧಾನ, ಹೊರಗೆ ಹೆಣ ಇಳಿಸಿಕೊಂಡು ನಿಂತವರು, ಒಳಗೆ ಹಾತಿಫನ ಪರದೆಯಲ್ಲಿ ತಿರುಗುತ್ತಲೇ ಇರುವ ಚಕ್ರ, ಯಜಮಾನ ಮುಹ್ಸಿನ್ ಬಂದು, ಅಬು ಗಾಯಬ್, ನಿನ್ನ ಸರ್ವರಿಗಿಂತ ನಮ್ಮ ತಾತ ಬೇಗ ಬರೀತಿದ್ದ, ಎಂದು ಎಲ್ಲರೆದುರು ಹೇಳಿ ಹೋದ. ಅವತ್ತೇ ಶಾಕಿರ್ ಕೂತು ಆ ಪುಟ ತೆರೆದ, ಬ್ಯಾಟರಿ ಇಲ್ಲದಿದ್ದರೂ ಮೊದಲಿನ ಹಾಗೆಯೇ ನಡೆಸು ಎನ್ನುವ ಆಯ್ಕೆ, ದತ್ತಾಂಶ ನಾಶವಾಗಬಹುದು, ಖಚಿತವೇ ಎಂದು ಅದು ಕೇಳಿತು, ಹೌದು ಎಂದು ಒತ್ತಿದ, ಕೆಳಗೆ ಯುಪಿಎಸ್ ಇದೆಯಲ್ಲ. ಮರುದಿನ ಎಲ್ಲರೂ ಹೊಗಳಿದರು, ಹಾತಿಫ್ ಮನೆಯಿಂದ ಸಮೂನ್ ರೊಟ್ಟಿ ಮತ್ತು ಎಮ್ಮೆಯ ಕೆನೆ ತಂದುಕೊಟ್ಟ.

ಎಷ್ಟು ಸುಲಭ ಬರೆದಿದೆ ಎಂದುಬಿಡುವುದು, ಆ ಮಾತು ಅವನಿಗೆ ಕಾರ್ಡಿನಿಂದ ಬಂದದ್ದಲ್ಲ, ಕಾರ್ಡಿಗೇ ಅವನಿಂದ ಹೋದದ್ದು — ಅವನ ಹೆಂಡತಿ ಇಖ್ಲಾಸ್, ಆಸ್ಪತ್ರೆಯ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ, ಯುದ್ಧದ ವಸಂತ, ಕಿಟಕಿಗಳಿಗೆಲ್ಲ ಅಂಟುಪಟ್ಟಿ, ಮಗು ಎರಡು ದಿನ ಇತ್ತು, ಗಂಡು, ಹೆಸರಿಡುವ ಮುಂಚೆಯೇ ಹೋಯಿತು, ಶಾಕಿರ್ ಅದನ್ನು ಬಿಳಿ ಬಟ್ಟೆಯಲ್ಲಿ ಎದೆಗೊತ್ತಿಕೊಂಡು ವಾದಿ ಅಸ್ಸಲಾಮ್ ಸ್ಮಶಾನದ ಬಾಗಿಲವರೆಗೆ ನಡೆದ, ಹಗುರವಾಗಿತ್ತು, ಎರಡು ರೊಟ್ಟಿಯ ಪೊಟ್ಟಣದಷ್ಟು, ಅಷ್ಟು ಹಗುರವಾಗಿದ್ದಕ್ಕೆ ಇವತ್ತಿಗೂ ಸಿಟ್ಟು, ಬಾಗಿಲಲ್ಲಿ ಹಾಜಿ ದಖೀಲ್ ಒಬ್ಬನೇ, ಗೋರಿ ತೋಡುವ ಬಾಕಿಯವರೆಲ್ಲ ಹಳ್ಳಿಗಳಿಗೆ ಓಡಿದ್ದರು, ದಫ್ತರ ಬರೆಯುವವನೂ ಓಡಿದ್ದ, ಕೊಡು ಮಗನೇ, ನಾನು ಮಾಡ್ತೀನಿ, ನಿನ್ನ ಹೆಂಡತಿಗೆ ರಕ್ತ ನಿಂತಿಲ್ಲ ಅಂತೀಯ, ದಾರಿ ಮುಚ್ಚೋ ಮುಂಚೆ ಓಡು — ಕೊಟ್ಟ, ಓಡಿದ, ತಿರುಗಿ ನೋಡಲಿಲ್ಲ. ಎಲ್ಲಿಟ್ಟಿರಿ ಎಂದಳು ಇಖ್ಲಾಸ್, ಗೋಡೆಗೇ ಕೇಳಿದಳು. ದಫ್ತರದಲ್ಲಿ ಬರೆದಿದೆ ಎಂದ. ಅವಳ ಉಸಿರು ಸಡಿಲಾದದ್ದು ಕಂಡಿತು, ಹೆಗಲು ಕೆಳಗಿಳಿಯಿತು, ನಿದ್ದೆ ಬಂತು, ಮೂರು ದಿನದಲ್ಲಿ ಮೊದಲ ನಿದ್ದೆ. ಬರೆದಿರಲಿಲ್ಲ, ಆ ಮೂರು ವಾರ ಯಾರೂ ಏನೂ ಬರೆದಿರಲಿಲ್ಲ, ಮೂವತ್ತೊಂದು ಕೂಸುಗಳು ಇಳಿಜಾರಿನ ಮರಳಿನಲ್ಲಿ ಕಲ್ಲಿಲ್ಲದೆ ಹೆಸರಿಲ್ಲದೆ ಮಲಗಿದವು, ಎಲ್ಲಿ ಯಾರದ್ದು ಎಂಬುದು ಒಬ್ಬ ದಖೀಲನ ಕಾಲಿಗೆ ಮಾತ್ರ ಗೊತ್ತು, ಇರಲಿ, ಸ್ವಲ್ಪ ದಿನ ಕಳೆಯಲಿ, ಕೇಳಿ ಬರೆಸಿಬಿಟ್ಟರಾಯಿತು, ಆಗ ಹೇಳಿದ್ದು ನಿಜವಾಗುತ್ತದೆ, ಪುರುಸೊತ್ತಿನಲ್ಲಿ. ಇಪ್ಪತ್ತೆರಡು ವರ್ಷ. ಈದ್ ಬಂದಾಗಲೆಲ್ಲ ಅವಳು ಕೇಳುತ್ತಾಳೆ, ಕರ್ಕೊಂಡು ಹೋಗ್ತೀರಾ, ಅವನು ಹೇಳುತ್ತಾನೆ, ಈ ಸಲ ಜನ ಜಾಸ್ತಿ, ಮುಂದಿನ ಸಲ, ದಫ್ತರದಲ್ಲಿ ಇದೆಯಲ್ಲ, ಎಲ್ಲಿಗೆ ಹೋಗುತ್ತೆ, ಆಮೇಲೆ ಅವಳು ಕೇಳುವುದನ್ನೂ ಬಿಟ್ಟಳು, ಕೇಳದೆ ಇದ್ದ ವರ್ಷಗಳೇ ಹೆಚ್ಚು ಕಷ್ಟ, ಮೇಜಿನ ಆಚೆ ಕೂತು ಒಣನಿಂಬೆಯ ಚಹಾ ಬಗ್ಗಿಸಿ ಅವನ ಮುಂದೆ ತಳ್ಳುತ್ತಿದ್ದಳು, ಅವಳಿಗೆ ಗೊತ್ತಿತ್ತೇ, ಗೊತ್ತಿದ್ದೂ ನಂಬಿದ ಹಾಗೆ ಇದ್ದಳೇ. ಕೊನೆಗೆ, ಹೋದ ವರ್ಷ, ಜ್ವರದಲ್ಲಿ, ಶಾಕಿರ್, ನನ್ನನ್ನ ಅವನ ಪಕ್ಕ ಇಡಿ, ಅಲ್ಲಿ ಜಾಗ ಇಲ್ದಿದ್ರೆ ಅಲ್ಲಿಂದ ಒಂದು ಹಿಡಿ ಮಣ್ಣಾದ್ರೂ ತಂದು ಹಾಕಿ, ಆಗಲಿ ಎಂದ, ಅವಳಿಗೆ ಜಾಗ ಸಿಕ್ಕಿದ್ದು ಹೊಸ ಭಾಗದಲ್ಲಿ, ಗಾಡಿಯಲ್ಲಿ ಹೋದರೂ ಅರ್ಧ ಗಂಟೆಯ ದಾರಿ, ಇಳಿಸುವಾಗ ಎಲ್ಲರೂ ನೋಡುತ್ತಿದ್ದರೆಂದು ಅವನು ದಾರಿ ಬದಿಯ ಒಂದು ಹಿಡಿ ಮಣ್ಣು ಎತ್ತಿ ಅವಳ ತಲೆಯ ಬಳಿ ಹಾಕಿದ, ಯಾವುದೋ ಮಣ್ಣು, ಚಕ್ರ ತುಳಿದ ಮಣ್ಣು.

ಅದಾದ ಮೇಲೆ ಮನೆಯಲ್ಲಿ ಮಾತಿಲ್ಲ. ಬೆಳಿಗ್ಗೆ ಎದ್ದು ಎರಡು ಇಸ್ತಿಕಾನ್ ಲೋಟ ತೊಳೆಯುತ್ತಾನೆ, ಚಹಾ ಒಂದಕ್ಕೇ ಬಗ್ಗಿಸುತ್ತಾನೆ, ಇನ್ನೊಂದನ್ನು ಸಂಜೆ ಮತ್ತೆ ತೊಳೆಯುತ್ತಾನೆ, ಯಾಕೆ ಎಂದು ಕೇಳುವವರು ಯಾರಿದ್ದಾರೆ, ಫೋನು ಬಂದರೆ ಕಚೇರಿಯಿಂದ, ಸರ್ವರು ನಿಧಾನವಾಯಿತೆಂದು — ಹಾಜಿ ದಖೀಲನನ್ನು ಹುಡುಕಿಕೊಂಡು ಹೋದದ್ದು ಈ ಎರಡನೇ ಲೋಟದ ಕಾಟ ತಾಳಲಾರದೆ. ಮುದುಕನಿಗೆ ಎಂಬತ್ತನಾಲ್ಕು, ದಫ್ತರಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದ ಮೇಲೆ ಮುನಿಸಿಕೊಂಡು ಮನೆ ಹಿಡಿದವನು, ಮೂಗಿಗೆ ಆಕ್ಸಿಜನ್ ಕೊಳವೆ, ಪಕ್ಕದಲ್ಲಿ ಬುಸುಗುಡುವ ಯಂತ್ರ. ಬಂದು ಆ ಮೂವತ್ತೊಂದೂ ಗೋರಿ ತೋರಿಸಿಕೊಡಿ ಎಂದ ಶಾಕಿರ್. ಬರ್ತೀನಿ, ಆದ್ರೆ ಈ ಯಂತ್ರ ನೋಡು, ವತನಿಯಾ ಬಂದಾಗೊಮ್ಮೆ ಹೋದಾಗೊಮ್ಮೆ ಆಫ್ ಆಗತ್ತೆ, ಮತ್ತೆ ಶುರು ಆಗೋಕೆ ಐದು ನಿಮಿಷ, ರಾತ್ರಿ ಎಲ್ಲ ಮೀನಿನ ಹಾಗೆ ಬಾಯಿ ತೆಗೀತೀನಿ, ಎರಡು ರಾತ್ರಿ ಸರಿಯಾಗಿ ಉಸಿರಾಡಿದ್ರೆ ನಿನ್ನ ಜೊತೆ ಆ ಇಳಿಜಾರು ನಡೀತೀನಿ ಕಣ್ಣೇ. ಎರಡು ರಾತ್ರಿ ಅಷ್ಟೆ ಎಂದು ಶಾಕಿರ್ ಸರ್ವರಿನ ಅಡಿಯಿಂದ ಯುಪಿಎಸ್ ಎತ್ತಿ ಕೊಟ್ಟ. ಕೊಡದಿದ್ದರೆ ಮುದುಕ ಬರುತ್ತಿರಲಿಲ್ಲ, ಕೊಟ್ಟದ್ದಕ್ಕೆ ಬಂದದ್ದೆಲ್ಲ ಹೋಯಿತು, ಇದರಲ್ಲಿ ಯಾವುದನ್ನು ತಪ್ಪು ಎನ್ನುವುದು, ಎರಡು ರಾತ್ರಿಯ ಮಟ್ಟಿಗೆ ಕಾರ್ಡಿನ ಆ ಆಯ್ಕೆಯನ್ನಾದರೂ ಹಿಂದಕ್ಕೆ ತಿರುಗಿಸಬಹುದಿತ್ತು, ಒಂದು ಒತ್ತು, ನಿಧಾನವಾಗುತ್ತಿತ್ತು, ಮುಹ್ಸಿನ್ ಇನ್ನೊಂದು ಮಾತು ಅನ್ನುತ್ತಿದ್ದ. ಇವತ್ತು ಬೆಳಿಗ್ಗೆ ಎಂಟಕ್ಕೆ ಮುದುಕ ಮತ್ತು ಹಾತಿಫ್ ಇಳಿಜಾರಿಗೆ ಹೋದರು, ಶಾಕಿರ್ ಹೋಗಲಿಲ್ಲ, ಸರ್ವರು ನೋಡಿಕೊಳ್ಳಬೇಕು ಎಂದ, ಅದೂ ಸುಳ್ಳು, ಕಾಲು ಬರಲಿಲ್ಲ ಅಷ್ಟೆ, ಹೆಸರು ಪಟ್ಟಿಯಲ್ಲಿ ಬರಲಿ, ಆಮೇಲೆ ಒಬ್ಬನೇ ಹೋಗುತ್ತೇನೆ, ಒಂದು ಹಿಡಿ ಮಣ್ಣು ತರುತ್ತೇನೆ, ಅವಳ ಹತ್ತಿರ ಹೋಗಿ ಹೇಳುತ್ತೇನೆ, ಈಗ ನಿಜ.

ಡೇಟಾಬೇಸ್ ಎದ್ದು ಕೂತಿತು. ಪ್ರತಿ ದಾಖಲೆಯನ್ನೂ ಸಾಲಾಗಿ ಇಡುವ ಲಾಗಿನ ಕೊನೆಯ ಭಾಗ ಓದುತ್ತಾನೆ, ಹತ್ತು ಗಂಟೆ ಹದಿನಾಲ್ಕು ನಿಮಿಷ, ಬಸ್ರಾದಿಂದ ಬಂದ ಒಬ್ಬ ಮುದುಕಿಯ ಗೋರಿ, ಆಮೇಲೆ ಅರ್ಧ ಹರಿದ ಒಂದು ಸಾಲು, ಆಮೇಲೆ ಸೊನ್ನೆಗಳು, ಸೊನ್ನೆಗಳು, ಸೊನ್ನೆಗಳು, ಡಿಸ್ಕುಗಳನ್ನು ಒಂದೊಂದಾಗಿ ಕೆದಕುತ್ತಾನೆ, ಇಲ್ಲ, ಟ್ಯಾಬ್ಲೆಟ್ಟಿನ ಹೊಟ್ಟೆಯಲ್ಲಿ ಹುಡುಕುತ್ತಾನೆ, ಅಳಿಸಿದ್ದನ್ನು ಚೆನ್ನಾಗಿಯೇ ಅಳಿಸಿದ್ದಾನೆ, ತನ್ನ ಕೆಲಸದ ಮೇಲೆ ಮೊದಲ ಸಲ ಅಸಹ್ಯ — ಹಾತಿಫ್ ಬಾಗಿಲಿಗೆ ಒರಗಿ ಇನ್ನೂ ಬೆಳಿಗ್ಗೆಯ ಕಥೆ ಹೇಳುತ್ತಿದ್ದಾನೆ, ನೀನು ನೋಡಬೇಕಿತ್ತು ಅಬು ಗಾಯಬ್, ಮುದುಕ ನೆಲ ನೋಡಲ್ಲ, ಆಕಾಶ ನೋಡ್ಕೊಂಡು ನಡೀತಾನೆ, ಟಕ್ ಅಂತ ನಿಲ್ತಾನೆ, ಊರುಗೋಲು ಊರಿ ಒಂದು ಸುತ್ತು ತಿರುವ್ತಾನೆ, ಮರಳಲ್ಲಿ ಇಸ್ತಿಕಾನ್ ತಳದಷ್ಟು ಗುಂಡನೆ ತೂತು, ಇದು ಹಸ್ನಾಳ ಮಗಳು ಅಂತಾನೆ, ಮತ್ತೆ ಮೂರು ಹೆಜ್ಜೆ, ಮತ್ತೊಂದು ತೂತು — ಗುಂಡನೆಯ ತೂತು. ಶಾಕಿರ್ ಕೀಲಿಮಣೆಯಿಂದ ಕೈ ತೆಗೆದ. ತೂತುಗಳು ಇನ್ನೂ ಇರುತ್ತವೆ. ಮರಳಿನಲ್ಲಿ ಮೂವತ್ತೊಂದು ತೂತು ಈಗಲೂ ಇವೆ, ಯಾವ ಅಂಗೈಯಲ್ಲೂ ಅಲ್ಲ, ನೆಲದಲ್ಲೇ, ಕಿಟಕಿಯ ತಗಡು ಒಮ್ಮೆ ಅಲುಗಿತು, ಮಧ್ಯಾಹ್ನದ ಅಜಾನಿನ ಹೊತ್ತಿಗೆ ಗಾಳಿ ಏಳುತ್ತದೆ, ಈ ತಿಂಗಳಲ್ಲಿ ಒಂದು ದಿನವೂ ತಪ್ಪಿಸಿಲ್ಲ. ಹೊರಗಿನ ಕೋಣೆಯಲ್ಲಿ ಹಾಜಿ ದಖೀಲ್ ಕುರ್ಚಿಯಲ್ಲಿ ತಲೆ ವಾಲಿಸಿ ಕೂತಿದ್ದಾನೆ, ಚಹಾ ಮುಟ್ಟಿಲ್ಲ, ತುಟಿ ನೀಲಿ, ಶಾಕಿರ್ ಅವನೆದುರು ಹೋಗಿ ನಿಂತ. ಹಾಜಿ, ಬೆಳಿಗ್ಗೆ ನೀವು ತೋರಿಸಿದ್ದೆಲ್ಲ ಹೋಯ್ತು. ಮುದುಕ ಕಣ್ಣು ಬಿಟ್ಟ. ನಿನ್ನ ಪೆಟ್ಟಿಗೆ ಬರೀಲಿಲ್ವಾ? ಬರೆದೆ ಅಂತ ಹೇಳ್ತು ಹಾಜಿ, ಬರೆದಿರಲಿಲ್ಲ. ಹಾಗೆ ಹೇಳೋಕೆ ಅದಕ್ಕೆ ಯಾರು ಕಲಿಸಿದ್ರು? ನಾನೇ, ಎಂದ ಶಾಕಿರ್. ಹಾತಿಫನ ನಗು ನಿಂತಿತು. ಮುದುಕ ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು, ನಡೆಯೋಕೆ ಆಗಲ್ಲ ಮಗನೇ, ಗಾಡಿ ತನ್ನಿ, ಗಾಡಿಯಲ್ಲಿ ಕೂತು ಹೇಳ್ತೀನಿ, ಎಂದ.

ಮೂರು ಚಕ್ರದ ಗಾಡಿ, ಹಾತಿಫ್ ಓಡಿಸುತ್ತಾನೆ, ಹಿಂದೆ ಹೆಣ ಇಡುವ ಹಲಗೆಯ ಮೇಲೆ ಮುದುಕ, ಅವನ ಬೆನ್ನಿಗೆ ಶಾಕಿರನ ಭುಜ, ಗೋರಿಗಳು, ಗೋರಿಗಳು, ಹಸಿರು ಗುಮ್ಮಟ, ಹರಿದ ಬಾವುಟ, ಸತ್ತವರ ಫೋಟೋಗಳು, ಎಲ್ಲರಿಗೂ ಹೆಸರು ಇದೆ, ಇಳಿಜಾರಿನ ಕೆಳಗೆ ದಾರಿ ಮುಗಿಯುತ್ತದೆ, ಅಲ್ಲಿಂದ ಮುಂದೆ ಬರಿಯ ಮರಳು, ಮೊದಲನೆಯ ತೂತು ಕಂಡಿತು, ದೇವರೇ, ಕಂಡಿತು, ಅಂಚು ಸ್ವಲ್ಪ ಮುರಿದಿದೆ ಅಷ್ಟೆ. ಹಾಜಿ, ನನ್ನದು ಮೊದಲು ಎನ್ನಬೇಕೆನಿಸಿತು, ನಾಲಿಗೆಯ ತುದಿಗೆ ಬಂದಿತ್ತು, ಆದರೆ ಮುದುಕನಿಗೆ ಜಾಗ ಗೊತ್ತಾಗುವುದು ನಡೆದರೆ ಮಾತ್ರ, ಗಾಡಿಯಲ್ಲಿ ಕೂತರೆ ಬಾಯಿಗೆ ಬರುವುದು ವರಸೆ ಅಷ್ಟೆ, ಬೆಳಿಗ್ಗೆ ನಡೆದ ವರಸೆಯಲ್ಲೇ ತಾಯಂದಿರ ಹೆಸರು ಹೇಳುತ್ತಾನೆ, ಒಂದನ್ನು ಬಿಟ್ಟರೆ ಮುಂದಿನವೆಲ್ಲ ಅದಲುಬದಲು, ಯಾರದೋ ಕೂಸು ಯಾರದೋ ಆಗುತ್ತದೆ, ಮೊದಲಿನಿಂದಲೇ ಬರಬೇಕು, ಕೆಟ್ಟ ಡೇಟಾಬೇಸನ್ನು ಲಾಗಿನ ಮೊದಲ ಸಾಲಿನಿಂದಲೇ ಎಬ್ಬಿಸಬೇಕಾದ ಹಾಗೆ, ಇಖ್ಲಾಸಳದು ಎಷ್ಟನೆಯದು ಹಾಜಿ, ಇಪ್ಪತ್ತಾರನೆಯದು. ಒಂದು, ಹಸ್ನಾಳ ಮಗಳು, ಶಾಕಿರ್ ಬರೆಯುತ್ತಾನೆ, ಕಾಗದದ ಮೇಲೆ, ಪೆನ್ನಿನಲ್ಲಿ, ಒತ್ತಿ ಒತ್ತಿ, ಒಂದು ಪುಟದಲ್ಲಿ ಬರೆದದ್ದು ಮುಂದಿನ ಪುಟದಲ್ಲೂ ಮೂಡುವಷ್ಟು, ತೂತಿನ ಪಕ್ಕ ಕಬ್ಬಿಣದ ಕಂಬಿ ಹುಗಿಯುತ್ತಾನೆ ಹಾತಿಫ್, ಎರಡು, ಸಬ್ರಿಯಾಳ ಮಗ, ಮೂರು, ನಾಲ್ಕು, ಫಖ್ರಿಯಾಳ ಅವಳಿಗಳು, ಎರಡು ತೂತು ಒತ್ತೊತ್ತಿಗೆ, ಹನ್ನೊಂದು, ಮರಳು ಕಣಕಾಲಿಗೆ ಚುಚ್ಚತೊಡಗಿದೆ, ಹದಿನೈದು, ಬೇಗ ಎನ್ನುತ್ತಾನೆ ಹಾತಿಫ್, ಬೇಗ ಎನ್ನಬೇಡ, ಬೇಗ ಮಾಡಿದ್ದಕ್ಕೇ ಇದೆಲ್ಲ, ಹದಿನೆಂಟು, ಗಾಡಿಯಿಂದ ಬರುವ ದನಿ ಗಾಳಿಯಲ್ಲಿ ಹರಿದು ಹರಿದು ಬರುತ್ತದೆ, ಒಬ್ಬೊಬ್ಬ ತಾಯಿಯೂ ಎಲ್ಲೋ ಚಹಾ ಬಗ್ಗಿಸಿ ಯಾರ ಮುಂದೋ ತಳ್ಳುತ್ತಿರಬಹುದು, ಅವರ ಗಂಡಂದಿರೂ ಬರೆದಿದೆ ಎಂದಿರಬಹುದು, ಇಪ್ಪತ್ತೊಂದು ಈಗ ತೂತಲ್ಲ, ಸಣ್ಣ ತಗ್ಗು, ಇಪ್ಪತ್ತೆರಡು, ಮಂಡಿಯೂರಿ ಅಂಗೈಯಲ್ಲಿ ತಡವಿದ ಮೇಲೆ ಸಿಕ್ಕಿತು, ಇಪ್ಪತ್ತಮೂರು, ಬೆರಳಿನ ತುದಿಗೆ ಏನೋ ಮೆತ್ತಗಾದಂತೆ, ಇದೇ, ಹೌದು, ಇದೇ, ಇಪ್ಪತ್ನಾಲ್ಕು —

ಇಪ್ಪತ್ನಾಲ್ಕು ಇಲ್ಲ. ಮರಳು ಮಡಿಸಿಟ್ಟ ಬಟ್ಟೆಯಂತೆ ನುಣ್ಣಗಿದೆ, ಆಚೆ ಈಚೆ ಹತ್ತು ಹೆಜ್ಜೆ, ಎಲ್ಲೂ ಇಲ್ಲ, ಅಜಾನ್ ಕೇಳಿಸಿತು, ಕೇಳಿಸಿ ಗಾಳಿಯಲ್ಲಿ ಹೋಯಿತು, ಮುದುಕ ಹೇಳುತ್ತಲೇ ಇದ್ದಾನೆ, ನದೀಮಾಳ ಮಗಳು, ಶುಕ್ರಿಯಾಳ ಮಗ, ನಿಲ್ಲಿಸಿ ಹಾಜಿ ಎಂದರೂ ಅವನಿಗೆ ಕೇಳುವುದಿಲ್ಲ, ಇಖ್ಲಾಸಳ ಮಗ. ಇಪ್ಪತ್ತೆರಡು ವರ್ಷದಲ್ಲಿ ಆ ಎರಡು ಪದಗಳನ್ನು ಅವನೆದುರು ಒಟ್ಟಿಗೆ ಯಾರೂ ಹೇಳಿರಲಿಲ್ಲ, ಅವನೂ ಹೇಳಿರಲಿಲ್ಲ, ಇಖ್ಲಾಸಳ ಮಗ, ಮನೆಯಲ್ಲಿ ಎರಡನೇ ಲೋಟ, ಗೋಡೆಗೆ ತಿರುಗಿದ ಬೆನ್ನು, ಗೊಳೋ ಎಂದು ಅಳು ಬಂತು, ಬಾಯಿಗೆ ಮರಳು ಬಂತು. ಹಾತಿಫ್ ಕಿವಿಯ ಹತ್ತಿರ ಬಂದು ಹೇಳುತ್ತಾನೆ, ಅವನ ದನಿಯಲ್ಲಿ ಕುಹಕವಿಲ್ಲ, ಕರುಣೆಯೇ ಇದೆ, ನೋಡು, ಇಲ್ಲೇ ಎಲ್ಲೋ, ಎರಡು ಹೆಜ್ಜೆ ಆ ಕಡೆ ಈ ಕಡೆ, ಅಂದಾಜಿಗೆ ಬರ್ಕೋ ಅಬು ಗಾಯಬ್, ಯಾರಿಗೆ ಗೊತ್ತಾಗತ್ತೆ, ಒಂದು ಹಿಡಿ ಮಣ್ಣು ತಗೋ, ಮನೆಗೆ ಹೋಗೋಣ — ಪೆನ್ನು ಕಾಗದದ ಮೇಲೇ ಇದೆ, ಇಪ್ಪತ್ತಾರು ಎಂದು ಬರೆದು ಎದುರಿಗೆ ಖಾಲಿ, ಎಷ್ಟು ಸುಲಭ, ಅವಳ ಹೆಗಲು ಕೆಳಗಿಳಿಯುತ್ತದೆ, ನಿದ್ದೆ ಬರುತ್ತದೆ. ಗಾಡಿಯಿಂದ ಮುದುಕ ಕೂಗುತ್ತಾನೆ, ಬರ್ಕೊಂಡ್ಯಾ? ಶಾಕಿರ್ ಗಾಳಿಗೆ ಎದುರಾಗಿ ತಿರುಗಿದ. ಇಲ್ಲ ಹಾಜಿ. ಬರ್ದಿಲ್ಲ. ಗಾಳಿ ಆ ಮಾತನ್ನು ಒಯ್ದಿತೋ ಏನೋ ಎಂದು ಇನ್ನೊಮ್ಮೆ, ಇನ್ನೂ ಜೋರಾಗಿ, ಬರ್ದಿಲ್ಲ. ಗಾಡಿಯ ಹಲಗೆಯಿಂದ ಮುದುಕನ ಒಂದು ಕಾಲು ಕೆಳಗೆ ಬರುತ್ತದೆ, ಬೇಡ ಹಾಜಿ, ಉಸಿರು ಸಾಲೋದಿಲ್ಲ, ಇಳೀಬೇಡಿ, ಎಂದು ಹಾತಿಫ್ ಓಡುತ್ತಿದ್ದಾನೆ, ಶಾಕಿರನೂ ಓಡುತ್ತಿದ್ದಾನೆ, ಕಾಲು ಮರಳಿನಲ್ಲಿ ಹೂತುಕೊಳ್ಳುತ್ತದೆ, ತಡೆಯುವುದಕ್ಕೆ ಓಡುತ್ತಿದ್ದಾನೋ ಕೈ ಹಿಡಿದು ಇಳಿಸುವುದಕ್ಕೋ ಅವನಿಗೇ ಗೊತ್ತಿಲ್ಲ, ಒಂದಕ್ಕೆ ಆಗತ್ತೆ, ಎನ್ನುತ್ತಿದ್ದಾನೆ ಮುದುಕ, ನಡೆದು ಒಂದು ಜಾಗ ಹುಡುಕೋಕೆ ಉಸಿರಿದೆ, ಯಾವುದು ಅಂತ ನೀನೇ ಹೇಳು, ಇಪ್ಪತ್ನಾಲ್ಕು, ಇಪ್ಪತ್ತೈದು, ನದೀಮಾಳ ಮಗಳು, ಶುಕ್ರಿಯಾಳ ಮಗ, ಇನ್ನೂ ಐದು ಜನ ತಾಯಂದಿರು ಅದರಾಚೆಗೆ, ಇಪ್ಪತ್ತಾರು, ಶಾಕಿರ್ ಸಂಖ್ಯೆ ಹೇಳುವ ಬದಲು ಕೈ ಚಾಚಿದ, ಮುದುಕ ಒಂದು ಕೈಯಲ್ಲಿ ಅದನ್ನು ಹಿಡಿದ, ಇನ್ನೊಂದು ಕೈಯಲ್ಲಿ ಊರುಗೋಲನ್ನು ನೆಲಕ್ಕೆ ಊರಿ ಭಾರ ಬಿಟ್ಟ, ಕಿತ್ತ, ಮುಂದಿಟ್ಟ, ಆಕಾಶ ನೋಡಿದ, ಶಾಕಿರನ ಕಣ್ಣು ಊರುಗೋಲಿನ ಜೊತೆ ಹೋಗಲಿಲ್ಲ, ಕಿತ್ತ ಜಾಗದಲ್ಲೇ ನಿಂತಿತು, ಮರಳಿನಲ್ಲಿ ಒಂದು ತೂತು, ಗುಂಡನೆಯದು, ಇಸ್ತಿಕಾನ್ ತಳದಷ್ಟು, ಯಾರ ಗೋರಿಯ ಗುರುತೂ ಅಲ್ಲ, ಬರಿಯ ನಡಿಗೆಯದು, ಆದರೂ ಬೆಳಿಗ್ಗೆಯ ಗುರುತುಗಳ ಹಾಗೆಯೇ, ಅಂಚಿನಿಂದ ಮರಳು ಒಳಕ್ಕೆ ಜಾರುತ್ತಿತ್ತು, ಜಾರುತ್ತಿತ್ತು, ಒಂದು ತೂತು, ಗುಂಡನೆಯದು.